ದಿನಾ ಆಡಲಿಕ್ಕೆ ಚೆಸ್ ಸೆಟ್: ಮರದ್ದಾ, ಪ್ಲಾಸ್ಟಿಕ್ಕಾ? ನಮ್ಮ ಮಳೆಗಾಲ ತಾಳುವಂಥದ್ದು ಹೇಳಿ

ವಾಚನಾಲಯದವ
ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ವಾಚನಾಲಯ ಇದೆ. ಅಲ್ಲಿ ಈಗ ಪೇಪರ್ ಓದುವವರಿಗಿಂತ ಚೆಸ್ ಆಡುವವರೇ ಜಾಸ್ತಿ. 2024ರ ಡಿಸೆಂಬರಿನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಬರಲು ಶುರುವಾದ ಮಕ್ಕಳು ಇನ್ನೂ ಬಿಟ್ಟಿಲ್ಲ. ಸಂಜೆ ಐದರಿಂದ ಎಂಟರ ತನಕ ಮೇಜು ಖಾಲಿ ಇರುವುದಿಲ್ಲ.

ಈಗಿರುವ ಸೆಟ್ಟಿನ ಕತೆ ಕೇಳಬೇಡಿ. ಬಿಳಿ ಕುದುರೆಗೆ ಕಿವಿ ಇಲ್ಲ. ಕಪ್ಪು ರಾಜನ ತಲೆ ಮೇಲಿನ ಶಿಲುಬೆ ಹೋಗಿದೆ, ಅವನು ಯಾರು, ಮಂತ್ರಿ ಯಾರು ಅಂತ ಪ್ರತಿ ಆಟಕ್ಕೂ ಮೊದಲು ಹೇಳಿಕೊಳ್ಳಬೇಕು. ಎರಡು ಸಿಪಾಯಿಗಳ ಬದಲಿಗೆ ಸುಲಿದ ಅಡಿಕೆ ಇಟ್ಟಿದ್ದೇವೆ. ಕಾಯಿಗಳ ಒಳಗೆ ಟೊಳ್ಳು. ಫ್ಯಾನ್ ಜೋರು ಮಾಡಿದರೆ ಒಂಟೆ ಮಗುಚುತ್ತದೆ.

ಸದಸ್ಯರಿಂದ ಸೇರಿಸಿದ ದುಡ್ಡು 5000 ರೂಪಾಯಿ ಇದೆ. ಗಟ್ಟಿ ಇರಬೇಕು, ನೋಡಲಿಕ್ಕೂ ಚಂದ ಇರಬೇಕು. ಕಮಿಟಿಯಲ್ಲಿ ಅರ್ಧ ಜನ ಮರದ್ದೇ ಬೇಕು ಅಂತಾರೆ. ಉಳಿದವರು ಜೂನ್ ಬಂದಾಗ ಅದರ ಗತಿ ನೋಡಿ ಅಂತಾರೆ. ಅನುಭವ ಇದ್ದವರು ಹೇಳಿ.

ಕುಂಬಳೆಕುದುರೆ
ಪ್ಲಾಸ್ಟಿಕ್. ಚರ್ಚೆಯೇ ಬೇಡ.

ಒಂಟೆಓಟ
ಚರ್ಚೆಯೇ ಬೇಡ ಅಂದ ಮೇಲೆ ಶುರುವಾಯ್ತು ಅಂತ ಅರ್ಥ. ನಾನು ಕುರ್ಚಿ ಎಳೆದುಕೊಂಡೆ.

ಹಲಸಿನಮರ
ಕುಂಬಳೆಯವರೇ, ಅವರು "ಚಂದ" ಅಂತಲೂ ಬರೆದಿದ್ದಾರೆ. ಆ ಸಾಲು ಓದಲಿಲ್ವಾ?

ಕುಂಬಳೆಕುದುರೆ
ಓದಿದೆ. ಕಿವಿ ಇಲ್ಲದ ಕುದುರೆ ಎಷ್ಟು ಚಂದ ಅಂತಲೂ ಓದಿದೆ.

ವಿವರವಾಗಿ ಹೇಳುತ್ತೇನೆ. ಪ್ಲಾಸ್ಟಿಕ್ ಅಂದರೆ ನೀವೀಗ ಇಟ್ಟುಕೊಂಡಿರುವ ಟೊಳ್ಳು ಸೆಟ್ ಅಲ್ಲ. ಟೂರ್ನಮೆಂಟ್ ಸೆಟ್ ಅಂತ ಸಿಗುತ್ತದೆ. ಬುಡದಲ್ಲಿ ಕಬ್ಬಿಣದ ತೂಕ ಕೂರಿಸಿ, ಅಡಿಗೆ ಬಟ್ಟೆ ಅಂಟಿಸಿರುತ್ತಾರೆ. ಎಲ್ಲ ಕಾಯಿ ಸೇರಿ ಒಂದು ಕಿಲೋ ದಾಟಿದರೆ ಫ್ಯಾನಿಗೂ ಬೀಳುವುದಿಲ್ಲ, ಮಕ್ಕಳ ತೋಳು ತಾಗಿದರೂ ಬೀಳುವುದಿಲ್ಲ. ಜೊತೆಗೆ ಸುರುಳಿ ಸುತ್ತುವ ವಿನೈಲ್ ಬೋರ್ಡ್. ಚಾ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಎರಡೂ ಸೇರಿ 1500ರ ಒಳಗೆ ಮುಗಿಯುತ್ತದೆ. ನಿಮ್ಮ 5000ದಲ್ಲಿ ಮೂರು ಮೇಜಿಗೆ ಆಗುತ್ತದೆ. ಮಕ್ಕಳು ಕಾಯುತ್ತಾ ನಿಲ್ಲುವ ಬದಲು ಆಡುತ್ತಾರೆ.

ನೀರ್ಚಾಲಿನಿಂದ
ಇದು ಸರಿ. ನನ್ನ ಮಗಳು ಆಡುವ ಟೂರ್ನಮೆಂಟುಗಳಲ್ಲೆಲ್ಲ ಇದೇ ಸೆಟ್, ಇದೇ ಹಸಿರು ಬೋರ್ಡ್. ವಾಚನಾಲಯದಲ್ಲೂ ಅದೇ ಇದ್ದರೆ ಮಕ್ಕಳಿಗೆ ಕಣ್ಣು ಪಳಗುತ್ತದೆ. ಮನೆಯಲ್ಲಿ ಸಣ್ಣ ಬೋರ್ಡಿನಲ್ಲಿ ಆಡಿ ಅಲ್ಲಿ ದೊಡ್ಡದರ ಎದುರು ಕೂತಾಗ, ಮೊದಲ ಆಟದಲ್ಲಿ ದೂರದ ಒಂಟೆ ಕಾಣುವುದೇ ಇಲ್ಲ ಮಕ್ಕಳಿಗೆ.

ಹಲಸಿನಮರ
ನಾನು ಮರದ ಕೆಲಸ ಮಾಡುವವನು. ಹಾಗಾಗಿ ಪಕ್ಷಪಾತ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮರ ಮಳೆಗಾಲಕ್ಕೆ ಹಾಳಾಗುತ್ತದೆ ಅನ್ನುವುದು ಅರ್ಧ ಸತ್ಯ. ನಮ್ಮ ಮನೆಗಳ ಬಾಗಿಲು, ತೊಟ್ಟಿಲು, ಚೆನ್ನೆಮಣೆ ಎಲ್ಲ ಮರದ್ದೇ ಅಲ್ವಾ? ಹಾಳಾಗುವುದು ಮುಟ್ಟದೆ ಇಟ್ಟ ಮರ. ಪೆಟ್ಟಿಗೆಯೊಳಗೆ, ಸ್ಪಂಜಿನ ನಡುವೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಟ್ಟರೆ ಬೂಸ್ಟು ಬಂದೇ ಬರುತ್ತದೆ. ಒಂಟೆಯ ತಲೆಯಲ್ಲಿ ಒಂದು ಸೀಳು ಇರುತ್ತದಲ್ಲ, ಮೊದಲು ಬೆಳ್ಳಗಾಗುವುದು ಅಲ್ಲಿ. ಆಮೇಲೆ ಕುದುರೆಯ ಬಾಯಿ. ಬೆರಳು ಹೋಗದ ಜಾಗವನ್ನೇ ಅದು ಹುಡುಕುತ್ತದೆ. ದಿನಾ ಆಡುವ ಸೆಟ್ಟಿಗೆ ಆ ಪಾಡು ಇಲ್ಲ. ಕೈ ಆಡುತ್ತಾ ಇದ್ದರೆ ಮರಕ್ಕೆ ಬಣ್ಣ ಕೂರುತ್ತದೆ, ಹೊಳಪು ಬರುತ್ತದೆ.

ಚೆಸ್ ಕಾಯಿ ಮಾಡುವ ಕಸುಬು ನಮ್ಮ ದೇಶದಲ್ಲಿ ದೊಡ್ಡದಾಗಿ ಇರುವುದು ಅಮೃತಸರದಲ್ಲಿ. ಜಗತ್ತಿನ ಎಷ್ಟೋ ಹೆಸರಾಂತ ಅಂಗಡಿಗಳಿಗೆ ಅಲ್ಲಿಂದಲೇ ಹೋಗುತ್ತದೆ. ಬಿಳಿ ಕಾಯಿಗೆ ಬಾಕ್ಸ್‌ವುಡ್ ಅನ್ನುವ ತಿಳಿ ಬಣ್ಣದ ಮರ, ಕಪ್ಪು ಕಾಯಿಗೆ ಶೀಶಮ್ ಅನ್ನುವ ಕಂದು ಮರ, ದುಬಾರಿ ಸೆಟ್ಟಾದರೆ ಕರಿಮರ (ಎಬನಿ). ನಿಮ್ಮ ದುಡ್ಡಿಗೆ ಶೀಶಮ್ ಸೆಟ್ ಬರುತ್ತದೆ.

ದೋಹಾದಲ್ಲಿರುವವ
ಮರ ಒಡೆಯುವುದು ನೋಡಬೇಕಾದರೆ ನಮ್ಮ ರೂಮಿಗೆ ಬನ್ನಿ. ಗೆಳೆಯನೊಬ್ಬ ಚಂದದ ಕರಿಮರದ ಸೆಟ್ ತಂದಿದ್ದ. ಹಗಲೂ ರಾತ್ರಿ ಏಸಿ. ರಾಜನ ಬುಡದಿಂದ ಸೊಂಟದ ತನಕ ಒಂದು ಸೀಳು, ಉಗುರು ಹಾಕಿದರೆ ಒಳಗೆ ಹೋಗುತ್ತದೆ. ಮಂತ್ರಿಗೂ ಒಂದು. ಬಿಳಿ ಕಾಯಿಗಳಿಗೆ ಏನೂ ಆಗಿಲ್ಲ.

ಹಲಸಿನಮರ
ಅದಕ್ಕೆ ಕಾರಣ ಇದೆ. ಮರ ಗಾಳಿಯ ತೇವ ಎಳೆದುಕೊಂಡು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಏಸಿ ರೂಮಿನ ಒಣ ಗಾಳಿಗೆ ಮರ ಕುಗ್ಗಿತು, ಒಳಗಿನ ಕಬ್ಬಿಣ ಕುಗ್ಗಲಿಲ್ಲ. ಸೀಳದೆ ಇನ್ನೇನು? ಕರಿಮರ ಗಟ್ಟಿ, ಆದರೆ ಒಣಗಲು ಬಹಳ ಕಾಲ ಬೇಕು. ಸರಿಯಾಗಿ ಒಣಗಿಸದೆ ಕಡೆದಿದ್ದರೆ ಹೀಗೇ. ನಮ್ಮ ಕರಾವಳಿಯಲ್ಲಿ ವರ್ಷವಿಡೀ ಗಾಳಿಯಲ್ಲಿ ತೇವ ಇರುವುದರಿಂದ ಸೀಳುವುದು ಕಡಿಮೆ. ಇಲ್ಲಿ ಶತ್ರು ಬೂಸ್ಟು, ಮತ್ತೆ ಕುಟ್ಟೆ ಹುಳ.

ಕುಂಬಳೆಕುದುರೆ
ಅಂದರೆ ನೀವೇ ಒಪ್ಪಿಕೊಂಡ ಹಾಗೆ ಮರಕ್ಕೆ ಏಸಿಯೂ ಆಗುವುದಿಲ್ಲ, ಮಳೆಯೂ ಆಗುವುದಿಲ್ಲ, ಹುಳವೂ ತಿನ್ನುತ್ತದೆ. ಪ್ಲಾಸ್ಟಿಕ್ಕಿಗೆ ಇದರಲ್ಲಿ ಯಾವುದು ತೊಂದರೆ?

ಹಲಸಿನಮರ
ಪ್ಲಾಸ್ಟಿಕ್ಕಿಗೆ ಇರುವ ತೊಂದರೆ ಅದು ಪ್ಲಾಸ್ಟಿಕ್ ಆಗಿರುವುದು.

ಒಂಟೆಓಟ
ಒಂದು–ಒಂದು. ಮುಂದುವರಿಸಿ.

ಪೆರ್ಲದ ಮಾಷ್ಟ್ರು
ಮರವೋ ಪ್ಲಾಸ್ಟಿಕ್ಕೋ ಆಮೇಲೆ ನೋಡೋಣ. ಮೊದಲು ಅಳತೆ. ಶಾಲೆಗಳಲ್ಲಿ ತುಂಬ ಸೆಟ್ ನೋಡಿದ್ದೇನೆ. ಹೆಚ್ಚಿನವರು ಎಡವುವುದು ಇಲ್ಲೇ. ಬೋರ್ಡ್ ಒಂದು ಅಂಗಡಿಯಿಂದ, ಕಾಯಿ ಇನ್ನೊಂದು ಅಂಗಡಿಯಿಂದ ತರುತ್ತಾರೆ. ಒಂದೋ ಕಾಯಿಗಳು ಒತ್ತೊತ್ತಾಗಿ ಬಸ್ಸಿನಲ್ಲಿ ನಿಂತ ಹಾಗೆ, ಇಲ್ಲವೋ ದೊಡ್ಡ ಬೋರ್ಡಿನಲ್ಲಿ ಅಲ್ಲೊಂದು ಇಲ್ಲೊಂದು.

ಫಿಡೆ, ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ, ಹೇಳುವ ಅಳತೆ ಹೀಗಿದೆ. ರಾಜನ ಎತ್ತರ 9.5 ಸೆಂಟಿಮೀಟರ್. ಮಂತ್ರಿ 8.5, ಒಂಟೆ 7, ಕುದುರೆ 6, ಆನೆ 5.5, ಸಿಪಾಯಿ 5. ಸ್ವಲ್ಪ ಹೆಚ್ಚುಕಮ್ಮಿ ಆದರೆ ತೊಂದರೆ ಇಲ್ಲ. ಬುಡದ ಅಗಲ ಎತ್ತರದ ಶೇಕಡಾ 40ರಿಂದ 50. ಬೋರ್ಡಿನ ಒಂದು ಮನೆ 5ರಿಂದ 6 ಸೆಂಟಿಮೀಟರ್.

ಅಳತೆ ಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಮನೆಯೊಳಗೆ ನಾಲ್ಕು ಸಿಪಾಯಿಗಳನ್ನು ನಿಲ್ಲಿಸಿ. ಸರಿಯಾಗಿ ತುಂಬಿಕೊಂಡರೆ ಆ ಬೋರ್ಡಿಗೆ ಆ ಕಾಯಿ ಹೊಂದುತ್ತದೆ. ಗೆರೆ ದಾಟಿದರೆ ಬೋರ್ಡ್ ಸಣ್ಣದು. ನಡುವೆ ಬೆರಳು ಹೋಗುವಷ್ಟು ಜಾಗ ಉಳಿದರೆ ಬೋರ್ಡ್ ದೊಡ್ಡದು.

ವಾಚನಾಲಯದವ
ಮಾಷ್ಟ್ರೇ, ಇದು ಬಹಳ ಉಪಯೋಗಕ್ಕೆ ಬಂತು. ಈಗ ಹೋಗಿ ನಮ್ಮ ಹಳೆ ಬೋರ್ಡಿನಲ್ಲಿ ನೋಡಿದೆ. ಮೂರೇ ಸಿಪಾಯಿ ಹಿಡಿಯುವುದು.

ಒಂಟೆಓಟ
ಅಡಿಕೆ ಇಟ್ಟು ನೋಡಿ, ನಾಲ್ಕು ಹಿಡಿಯಬಹುದು.

ಉಪ್ಪಳ ಲೋಕಲ್
ನಾನು ದಿನಾ ಉಪ್ಪಳದಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವವನು. ನಾವು ನಾಲ್ಕೈದು ಜನ ಅಯಸ್ಕಾಂತದ ಸಣ್ಣ ಬೋರ್ಡಿನಲ್ಲಿ ಆಡುತ್ತೇವೆ. ಜನ ನೂಕಿದರೂ ಕಾಯಿ ಜಾರುವುದಿಲ್ಲ. ಮಡಚಿದರೆ ಬ್ಯಾಗಿಗೆ ಹೋಗುತ್ತದೆ. ವಾಚನಾಲಯಕ್ಕೂ ಅದೇ ಸಾಕಲ್ಲ?

ಪೆರ್ಲದ ಮಾಷ್ಟ್ರು
ರೈಲಿಗೆ ಸರಿ. ಮೇಜಿನ ಮೇಲೆ ದಿನಾ ಎರಡು ಗಂಟೆ ಆಡುವವರಿಗೆ ಕಣ್ಣು ನೋವು. ವಯಸ್ಸಾದವರಿಗೆ ಸಿಪಾಯಿ ಯಾವುದು, ಒಂಟೆ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಚಂಡೆಮದ್ದಳೆ
ಒಂದು ಆಸೆ ಹೇಳಲಾ? ಯಕ್ಷಗಾನದ ವೇಷದ ಕಾಯಿಗಳು. ರಾಜನಿಗೆ ಕಿರೀಟ, ಮಂತ್ರಿ ಸ್ತ್ರೀವೇಷ, ಕುದುರೆಯ ಜಾಗದಲ್ಲಿ ಪುಂಡುವೇಷ, ಸಿಪಾಯಿಗಳು ಬಾಲಗೋಪಾಲರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕಡೆಯವರು ನಾವು. ಎಲ್ಲಿಯೋ ಇಂಗ್ಲೆಂಡಿನ ರಾಜ, ಬಿಷಪ್ಪು ಇಟ್ಟುಕೊಂಡು ಎಷ್ಟು ದಿನ ಆಡುವುದು?

ನೀರ್ಚಾಲಿನಿಂದ
ಶೋಕೇಸಿಗೆ ಬಹಳ ಚಂದ. ಐದು ನಿಮಿಷದ ಆಟಕ್ಕೆ ಕೂತರೆ ಯಾರು ಯಾವ ವೇಷ ಅಂತ ನೋಡುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಚಂಡೆಮದ್ದಳೆ
ಆಟ ಅಂದರೆ ಬೆಳಗಿನ ತನಕ ಇರಬೇಕು. ಐದು ನಿಮಿಷದ್ದು ಯಾವ ಆಟ?

ಕುಂಬಳೆಕುದುರೆ
ಕುಂಬಳೆಯವನಾಗಿ ಪಾರ್ತಿಸುಬ್ಬನ ಹೆಸರು ಬಂದಾಗ ಎದುರು ಮಾತಾಡಬಾರದು. ಆದರೂ ಹೇಳುತ್ತೇನೆ. 1849ರಲ್ಲಿ ನಥಾನಿಯಲ್ ಕುಕ್ ಅನ್ನುವವನು ಲಂಡನ್ನಿನಲ್ಲಿ ನೋಂದಾಯಿಸಿದ ವಿನ್ಯಾಸವನ್ನೇ ಇವತ್ತಿಗೂ ಎಲ್ಲರೂ ಆಡುವುದು. ಜಾಕ್ ಕಂಪನಿ ಅದನ್ನು ಮಾರಿತು, ಆ ಕಾಲದ ದೊಡ್ಡ ಆಟಗಾರ ಹೊವರ್ಡ್ ಸ್ಟಾಂಟನ್ ತನ್ನ ಹೆಸರು ಕೊಟ್ಟ. ಅದಕ್ಕೇ ಸ್ಟಾಂಟನ್ ಸೆಟ್ ಅನ್ನುವುದು. ಅದಕ್ಕಿಂತ ಮೊದಲು ಒಂದೊಂದು ಕಡೆ ಒಂದೊಂದು ಆಕಾರ ಇತ್ತು. ಬೇರೆ ಊರಿನವನ ಜೊತೆ ಆಡಲು ಕೂತರೆ ಗಲಿಬಿಲಿ. ಇದರಲ್ಲಿ ಬುಡ ಅಗಲ, ತಲೆ ನೋಡಿದ ಕೂಡಲೇ ಗುರುತು, ಬೆರಳಿಗೆ ಹಿಡಿತ. ನೂರೆಪ್ಪತ್ತು ವರ್ಷಕ್ಕೂ ಜಾಸ್ತಿ ಬಾಳಿದ್ದು ಸುಮ್ನೆ ಅಲ್ಲ.

ಮತ್ತೆ ನಿಮ್ಮ ವೇಷಗಳ ಕಿರೀಟ ಮೊದಲ ವಾರವೇ ಮುರಿಯುತ್ತದೆ. ಶಿಲುಬೆಯೇ ನಿಲ್ಲುವುದಿಲ್ಲ.

ಹಲಸಿನಮರ
ಶಿಲುಬೆ ಮುರಿಯುವ ಚಿಂತೆ ಇದ್ದರೆ ಡುಬ್ರೋವ್ನಿಕ್ ಮಾದರಿ ನೋಡಿ. 1950ರಲ್ಲಿ ಯುಗೊಸ್ಲಾವಿಯಾದ ಡುಬ್ರೋವ್ನಿಕ್‌ನಲ್ಲಿ ನಡೆದ ಚೆಸ್ ಒಲಿಂಪಿಯಾಡಿಗೆ ಮಾಡಿಸಿದ ಸೆಟ್. ರಾಜನ ತಲೆ ಮೇಲೆ ಶಿಲುಬೆ ಇಲ್ಲ, ಸಣ್ಣ ಗುಂಡು ತುದಿ ಅಷ್ಟೆ. ಒಂಟೆಯ ತಲೆಯ ಸೀಳೂ ಇಲ್ಲ, ಹಾಗಾಗಿ ಬೂಸ್ಟು ಕೂರುವ ಜಾಗವೇ ಇಲ್ಲ. ಅಮೆರಿಕದ ವಿಶ್ವ ಚಾಂಪಿಯನ್ ಬಾಬಿ ಫಿಶರ್ ಇದನ್ನು ತುಂಬ ಮೆಚ್ಚಿಕೊಂಡಿದ್ದ. ಈಗ ಅಮೃತಸರದವರೂ ಇದರ ನಕಲು ಮಾಡುತ್ತಾರೆ. ಗಟ್ಟಿಯೂ ಹೌದು, ಚಂದವೂ ಹೌದು. ನನ್ನನ್ನು ಕೇಳಿದರೆ ಸಾಮಾನ್ಯ ಸ್ಟಾಂಟನ್‌ಗಿಂತ ಚಂದ.

ಮುಳ್ಳೇರಿಯ–ಮಲ್ಲೇಶ್ವರ
ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಚನ್ನಪಟ್ಟಣದ ಸೆಟ್ ಯಾರೂ ಹೇಳಲಿಲ್ಲವಲ್ಲ! ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿರುತ್ತಾರೆ. ಹೊಳಪು ನೋಡಿದರೆ ಕಣ್ಣು ತುಂಬುತ್ತದೆ. ಚದುರಂಗದಲ್ಲಿ ಮೈಸೂರು ಸೀಮೆಗೆ ದೊಡ್ಡ ಪರಂಪರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಬಂಧಗಳನ್ನು, ಅಂದರೆ ಕುದುರೆ ಪ್ರತಿ ಮನೆಗೂ ಒಂದೊಂದೇ ಸಲ ಹೋಗಿ ಇಡೀ ಬೋರ್ಡ್ ಸುತ್ತುವ ದಾರಿಗಳನ್ನು ಮಾಡಿದವರು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಕೂಡ ಮೈಸೂರಿನವರೇ.

ಕುಂಬಳೆಕುದುರೆ
ಪರಂಪರೆಗೆ ಕೈಮುಗಿದೆ. ಆದರೆ ಹೊಳಪೇ ಅಲ್ಲಿ ತೊಂದರೆ. ಟ್ಯೂಬ್‌ಲೈಟಿನ ಕೆಳಗೆ ಕೂತು ಆಡಿದ್ದೀರಾ? ಕಾಯಿಯ ಮೇಲೆಲ್ಲ ಟ್ಯೂಬ್‌ಲೈಟೇ ಕಾಣುತ್ತದೆ. ಅದಕ್ಕೇ ಫಿಡೆ ಕೂಡ ಕಾಯಿಗೂ ಬೋರ್ಡಿಗೂ ಹೊಳಪು ಬೇಡ ಅನ್ನುವುದು. ಕೆಂಪು–ಹಳದಿ ಕಾಯಿಗಳಲ್ಲಿ ಎರಡು ಆಟ ಆಡುವಷ್ಟರಲ್ಲಿ ತಲೆ ಭಾರ.

ಮುಳ್ಳೇರಿಯ–ಮಲ್ಲೇಶ್ವರ
ಎಲ್ಲದಕ್ಕೂ ಫಿಡೆ! ನೀವು ಊಟಕ್ಕೆ ಕೂರುವಾಗಲೂ ಫಿಡೆ ಕೇಳುತ್ತೀರಾ?

ಕುಂಬಳೆಕುದುರೆ
ಊಟಕ್ಕೆ ಮನೆಯವರನ್ನು ಕೇಳುತ್ತೇನೆ. ಅವರ ನಿಯಮ ಇನ್ನೂ ಕಟ್ಟುನಿಟ್ಟು.

ಅಡೂರು ಘಾಟಿ
ನಮ್ಮ ತೋಟದ ಬದಿಯಲ್ಲಿ ಒಂದು ಹಳೆ ಬೀಟೆ ಮರ ಇದೆ. ಹಲಸಿನಮರದವರೇ, ಕೊಂಬೆ ಕಡಿದು ಕೊಟ್ಟರೆ ಒಂದು ಸೆಟ್ ಮಾಡಿ ಕೊಡುತ್ತೀರಾ?

ಹಲಸಿನಮರ
ದಯವಿಟ್ಟು ಮುಟ್ಟಬೇಡಿ. ಪಟ್ಟೆ ಜಾಗ ಆದರೂ ಬೀಟೆಗೆ ಅರಣ್ಯ ಇಲಾಖೆಯ ಕಾನೂನು ಇದೆ. 2021ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ಬೀಟೆ ಕಡಿದ ಪ್ರಕರಣ ಎಷ್ಟು ದೊಡ್ಡ ಸುದ್ದಿ ಆಯ್ತು ನೆನಪಿದೆಯಲ್ಲ. ಚೆಸ್ ಕಾಯಿಗಾಗಿ ಕೋರ್ಟು ಅಲೆಯುವುದು ಬೇಡ.

ಇನ್ನೊಂದು, ಕಾಯಿ ಕಡೆಯುವುದು ಲೇತ್ ಇದ್ದರೆ ಯಾರಿಗೂ ಬರುತ್ತದೆ. ಕುದುರೆ ಬರುವುದಿಲ್ಲ. ಕುದುರೆಯನ್ನು ಉಳಿಯಲ್ಲೇ ಕೆತ್ತಬೇಕು. ಅಮೃತಸರದಲ್ಲಿ ಕುದುರೆ ಮಾತ್ರ ಕೆತ್ತುವ ಕೆಲಸಗಾರರು ಇದ್ದಾರೆ, ಬೇರೆ ಕಾಯಿ ಮುಟ್ಟುವುದೇ ಇಲ್ಲ ಅವರು. ಸೆಟ್ಟಿನ ಬೆಲೆಯ ದೊಡ್ಡ ಪಾಲು ಆ ನಾಲ್ಕು ಕುದುರೆಗಳದ್ದು. ಆನ್‌ಲೈನಿನಲ್ಲಿ ನೋಡುವಾಗಲೂ ಮೊದಲು ಕುದುರೆಯ ಫೋಟೋ ದೊಡ್ಡದು ಮಾಡಿ. ನಾಲ್ಕೂ ಕುದುರೆಗಳ ಮುಖ ಒಂದೇ ಥರ ಇದೆಯಾ? ಕಿವಿ ತೀರ ತೆಳ್ಳಗೆ ಮೇಲೆ ಚಾಚಿದೆಯಾ? ಚಾಚಿದ್ದರೆ ಬಿಡಿ. ಕಿವಿ ಕುತ್ತಿಗೆಗೆ ಅಂಟಿಕೊಂಡ ಹಾಗೆ ಕೆತ್ತಿದ ಕುದುರೆ ಬಿದ್ದರೂ ಉಳಿಯುತ್ತದೆ.

ನೀರ್ಚಾಲಿನಿಂದ
ಮರದ ಸೆಟ್ ಕೊಳ್ಳುವವರಿಗೆ ನನ್ನದೊಂದು ಎಚ್ಚರಿಕೆ. ಅಗ್ಗದ ಕಪ್ಪು ಕಾಯಿಗಳು ಹೆಚ್ಚಾಗಿ ಕರಿಮರ ಅಲ್ಲ, ಬಿಳಿ ಮರಕ್ಕೆ ಕಪ್ಪು ಬಣ್ಣ ಕುಡಿಸಿರುತ್ತಾರೆ. ಚೆನ್ನಾಗಿ ಮಾಡಿದ್ದಾದರೆ ಅದೂ ಪರವಾಗಿಲ್ಲ. ಮಾಡದಿದ್ದರೆ ಏಪ್ರಿಲ್ ತಿಂಗಳ ಬೆವರಿಗೆ ಬಣ್ಣ ಕೈಗೆ ಬರುತ್ತದೆ. ಮಗಳು ಒಮ್ಮೆ ನೆಂಟರ ಮನೆಯಲ್ಲಿ ಆಡಿ ಬಂದಾಗ ಹೆಬ್ಬೆರಳು, ತೋರುಬೆರಳು ಕಪ್ಪು, ಗಲ್ಲದ ಮೇಲೆ ಎರಡು ಗೆರೆ. ಯೋಚನೆ ಮಾಡುವಾಗ ಗಲ್ಲ ಹಿಡಿದುಕೊಳ್ಳುವುದು ಅವಳ ಅಭ್ಯಾಸ. ಅಂಗಡಿಯಲ್ಲಿ ಒದ್ದೆ ಕರ್ಚೀಫಿನಲ್ಲಿ ಒಂದು ಕಾಯಿ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಬಂದರೆ ಅಲ್ಲೇ ಇಟ್ಟು ಬನ್ನಿ.

ದೋಹಾದಲ್ಲಿರುವವ
ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿ. ಒಳಗಿನ ತೂಕ ಸಡಿಲ ಇದ್ದರೆ ಕಟಕಟ ಅನ್ನುತ್ತದೆ. ಪ್ಲಾಸ್ಟಿಕ್ಕಿಗೂ ಇದೇ ಪರೀಕ್ಷೆ.

ವಾಚನಾಲಯದವ
ಸಡಿಲ ಆದರೆ ಸರಿ ಮಾಡಲಿಕ್ಕೆ ಆಗುತ್ತದಾ?

ಹಲಸಿನಮರ
ಆಗುತ್ತದೆ. ಅಡಿಯ ಬಟ್ಟೆ ಮೆಲ್ಲ ಬಿಡಿಸಿ, ಅರಾಲ್ಡೈಟ್ ಕಲಸಿ ತೂಕದ ಸುತ್ತ ಬಿಡಿ, ತಲೆಕೆಳಗಾಗಿ ನಿಲ್ಲಿಸಿ ಒಂದು ರಾತ್ರಿ ಬಿಡಿ. ಮರುದಿನ ಹೊಸ ಬಟ್ಟೆ ಫೆವಿಕಾಲಿನಲ್ಲಿ ಅಂಟಿಸಿ. ಬಟ್ಟೆಯನ್ನು ಬುಡಕ್ಕಿಂತ ಕೂದಲೆಳೆ ಸಣ್ಣದಾಗಿ ಕತ್ತರಿಸಿ, ಇಲ್ಲದಿದ್ದರೆ ಅಂಚು ಏಳುತ್ತದೆ. ಕುದುರೆಯ ಕಿವಿಗೆ ಎಮ್‌ಸೀಲ್.

ಅಡೂರು ಘಾಟಿ
ಮರದ ಕಾಯಿಗೆ ತೆಂಗಿನೆಣ್ಣೆ ಹಚ್ಚಿದರೆ ಬೂಸ್ಟು ಬರುವುದಿಲ್ಲ. ನಮ್ಮ ಮನೆಯ ಹಳೆ ಪೆಟ್ಟಿಗೆಗಳಿಗೆಲ್ಲ ಅದನ್ನೇ ಹಚ್ಚುವುದು.

ಹಲಸಿನಮರ
ಬೇಡ. ತೆಂಗಿನೆಣ್ಣೆ ಒಣಗುವ ಎಣ್ಣೆ ಅಲ್ಲ. ಜಿಡ್ಡು ಹಾಗೇ ಉಳಿದು ಧೂಳು ಹಿಡಿಯುತ್ತದೆ, ಆಮೇಲೆ ಕಮಟು ವಾಸನೆ. ಅಡಿಯ ಬಟ್ಟೆಗೆ ತಾಗಿದರೆ ಬೋರ್ಡಿನ ಮೇಲೂ ಕಲೆ. ಎಣ್ಣೆಯೇ ಬೇಕು ಅಂದರೆ ಅಗಸೆ ಎಣ್ಣೆ, ಅದು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಜೇನುಮೇಣ ಇನ್ನೂ ಒಳ್ಳೆಯದು. ಲ್ಯಾಕರ್ ಹೊಡೆದ ಕಾಯಿಗೆ ಇದು ಯಾವುದೂ ಬೇಡ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಅಡೂರು ಘಾಟಿ
ತಲೆಗೆ ಹಚ್ಚಿದರೆ ಆಗುತ್ತದೆ, ಕುದುರೆಗೆ ಹಚ್ಚಿದರೆ ಆಗುವುದಿಲ್ಲ. ಸರಿ ಮಾರಾಯ್ರೆ.

ಉಪ್ಪಳ ಲೋಕಲ್
ನಮ್ಮ ಅಜ್ಜಿಯ ಕಾಲದಲ್ಲಿ ಬೂಸ್ಟು ಬರಬಾರದ್ದನ್ನೆಲ್ಲ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು.

ಒಂಟೆಓಟ
ಹೊಗೆ ಹಿಡಿದರೆ ಎರಡೂ ಕಡೆಯವರು ಕಪ್ಪು. ಟಾಸ್ ಹಾಕುವ ಕೆಲಸ ಇಲ್ಲ.

ಪೆರ್ಲದ ಮಾಷ್ಟ್ರು
ಬೋರ್ಡಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಹಾಳಾಗುವುದು ಕಾಯಿಗಿಂತ ಮೊದಲು ಬೋರ್ಡು. ಮಡಚುವ ಮರದ ಬೋರ್ಡುಗಳು ಹೆಚ್ಚಾಗಿ ಪ್ಲೈವುಡ್ಡಿನ ಮೇಲೆ ತೆಳ್ಳಗಿನ ಮರದ ಪದರ ಅಂಟಿಸಿದವು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಹೆಂಚಿನ ಮಾಡಿನ ಕಟ್ಟಡ, ಕಿಟಕಿ ತೆರೆದೇ ಇರುತ್ತದೆ. ಪದರ ಏಳುತ್ತದೆ, ನಡುವಿನ ತಿರುಗಣಿ ತುಕ್ಕು ಹಿಡಿಯುತ್ತದೆ, ಎರಡು ಅರ್ಧಗಳು ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. ಆ ಗೆರೆಯ ಮೇಲೆ ಇಟ್ಟ ಸಿಪಾಯಿ ಓರೆಯಾಗಿ ನಿಂತಿರುತ್ತದೆ. ಮರದ ಕಾಯಿ ಬೇಕಾದರೆ ತನ್ನಿ, ಬೋರ್ಡ್ ಮಾತ್ರ ವಿನೈಲ್ ಇರಲಿ.

ಹಲಸಿನಮರ
ಇದನ್ನು ಒಪ್ಪುತ್ತೇನೆ. ಮಡಚುವ ಬೋರ್ಡ್ ನಾನೂ ಯಾರಿಗೂ ಹೇಳುವುದಿಲ್ಲ.

ಕುಂಬಳೆಕುದುರೆ
ಬರೆದಿಟ್ಟುಕೊಳ್ಳಿ ಎಲ್ಲರೂ. ಹಲಸಿನಮರದವರು ವಿನೈಲ್ ಒಪ್ಪಿದರು.

ನೀರ್ಚಾಲಿನಿಂದ
ವಿನೈಲ್ ಹೊಸದರಲ್ಲಿ ಸುರುಳಿ ಬಿಡುವುದಿಲ್ಲ, ತುದಿ ಮೇಲೆ ಏಳುತ್ತದೆ. ಉಲ್ಟಾ ಸುತ್ತಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಹಾಸಿಗೆಯ ಕೆಳಗೆ ಒಂದು ರಾತ್ರಿ ಇಡಿ. ಅಂಚಿನಲ್ಲಿ ಎ, ಬಿ, ಸಿ ಮತ್ತೆ 1, 2, 3 ಇರುವ ಬೋರ್ಡೇ ತನ್ನಿ. ಮಕ್ಕಳು ನಡೆ ಬರೆಯಲು ಕಲಿಯುತ್ತಾರೆ. ಬಲಗೈ ಮೂಲೆಯ ಮನೆ ಬಿಳಿ ಬರುವ ಹಾಗೆ ಬೋರ್ಡ್ ಇಡಬೇಕು ಅನ್ನುವುದೂ ಆಗ ತಪ್ಪುವುದಿಲ್ಲ.

ಚಂಡೆಮದ್ದಳೆ
ಅಮೃತಶಿಲೆಯ ಸೆಟ್ ಹೇಗೆ? ಆಗ್ರಾಕ್ಕೆ ಹೋದವರು ಒಂದು ತಂದಿದ್ದರು. ಹುಳವೂ ತಿನ್ನುವುದಿಲ್ಲ, ಬೂಸ್ಟೂ ಇಲ್ಲ.

ದೋಹಾದಲ್ಲಿರುವವ
ಕೆಂಪು ಸಿಮೆಂಟಿನ ನೆಲಕ್ಕೆ ಒಂದು ಸಲ ಬೀಳಲಿ, ಗೊತ್ತಾಗುತ್ತದೆ.

ವಾಚನಾಲಯದವ
ಇನ್ನೊಂದು ಪ್ರಶ್ನೆ. 32 ಕಾಯಿ ಸಾಕಲ್ಲ? ಕೆಲವು ಕಡೆ 34 ಅಂತ ಬರೆದಿರುತ್ತದೆ.

ಕುಂಬಳೆಕುದುರೆ
34 ಇರುವುದನ್ನೇ ತನ್ನಿ. ಎರಡು ಕಡೆಗೂ ಒಂದೊಂದು ಮಂತ್ರಿ ಜಾಸ್ತಿ ಇರುತ್ತದೆ. ಸಿಪಾಯಿ ಕೊನೆ ಮನೆ ಮುಟ್ಟಿದಾಗ ಮಂತ್ರಿ ಸಿಗದೆ ಜಗಳ ಆಗುವುದು ತಪ್ಪುತ್ತದೆ.

ಉಪ್ಪಳ ಲೋಕಲ್
ಅದಕ್ಕೆ ಆನೆಯನ್ನು ತಲೆಕೆಳಗೆ ಇಟ್ಟರಾಯ್ತಲ್ಲ. ನಾವು ಹಾಗೇ ಮಾಡುವುದು.

ಕುಂಬಳೆಕುದುರೆ
ರೈಲಿನಲ್ಲಿ ಮಾಡಿ. ಟೂರ್ನಮೆಂಟಿನಲ್ಲಿ ತಲೆಕೆಳಗಿನ ಆನೆ ಆನೆಯೇ. ಮಂತ್ರಿ ಅಂತ ಓರೆ ನಡೆಸಿದಿರೋ, ತಪ್ಪು ನಡೆ ಆಯ್ತು.

ಉಪ್ಪಳ ಲೋಕಲ್
ಇದು ಅನ್ಯಾಯ! ಎದುರಿಗಿದ್ದವನು ಮೊದಲ ಮಂತ್ರಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರೆ?

ಕುಂಬಳೆಕುದುರೆ
ಗಡಿಯಾರ ನಿಲ್ಲಿಸಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆಯಿರಿ, ಮಂತ್ರಿ ಬೇಕು ಅನ್ನಿ. ಅದಕ್ಕೆ ನಿಯಮದಲ್ಲೇ ಅವಕಾಶ ಇದೆ. ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಗೆಲ್ಲುವ ಆಟದಲ್ಲಿ ಗಡಿಬಿಡಿ ಮಾಡಿಕೊಂಡು ಅಳುತ್ತಾ ಹೊರಗೆ ಬರುತ್ತಾರೆ. ಹೆಚ್ಚಿನ ಎರಡು ಮಂತ್ರಿಗಳನ್ನು ಮೇಜಿನ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಆಡುವ ಅಭ್ಯಾಸ ವಾಚನಾಲಯದಲ್ಲೇ ಶುರು ಮಾಡಿ.

ಒಂಟೆಓಟ
ನಾನು ಸಿಪಾಯಿಯನ್ನು ಕೊನೆ ಮನೆಗೆ ಮುಟ್ಟಿಸಿದ್ದೇ ಇಲ್ಲ. 32 ಸಾಕು ನನಗೆ.

ವಾಚನಾಲಯದವ
ಸರಿ, ಇಷ್ಟು ಕೇಳಿದ ಮೇಲೆ ಕಮಿಟಿಯ ಮುಂದೆ ಇಟ್ಟೆ. ಮಾತುಕತೆ ಇಲ್ಲಿನಷ್ಟೇ ಉದ್ದ ಆಯ್ತು. ಕೊನೆಗೆ ಬಂದದ್ದು ಇದು. ತೂಕ ಇರುವ ಪ್ಲಾಸ್ಟಿಕ್ ಸೆಟ್ ಎರಡು, ವಿನೈಲ್ ಬೋರ್ಡ್ ಎರಡು, 34 ಕಾಯಿಯದ್ದು. ಕಪ್ಪು ಕಾಯಿ ಕಪ್ಪೇ, ಬಿಳಿ ಕಾಯಿ ಮಾತ್ರ ಅಚ್ಚ ಬಿಳಿ ಬೇಡ, ಕೆನೆ ಬಣ್ಣ. ಉಳಿದ ದುಡ್ಡಿಗೆ ಸದಸ್ಯರೊಬ್ಬರು ತಮ್ಮ ಕೈಯಿಂದ ಸ್ವಲ್ಪ ಸೇರಿಸುತ್ತಾರಂತೆ. ಅದರಲ್ಲಿ ಶೀಶಮ್ಮಿನ ಡುಬ್ರೋವ್ನಿಕ್ ಒಂದು. ಅದು ಕಪಾಟಿನಲ್ಲಿ ಕೂರುವುದಿಲ್ಲ, ಭಾನುವಾರ ದೊಡ್ಡವರ ಮೇಜಿಗೆ.

ಹಲಸಿನಮರ
ಒಳ್ಳೆ ತೀರ್ಮಾನ. ಒಂದೇ ತಿದ್ದುಪಡಿ. ಭಾನುವಾರ ಮಾತ್ರ ಅಲ್ಲ, ಮಳೆಗಾಲದಲ್ಲಿ ದಿನಾ ಅದರಲ್ಲೇ ಆಡಿ. ಎತ್ತಿಡುವಾಗ ಸ್ಪಂಜಿನ ಪೆಟ್ಟಿಗೆ ಬೇಡ. ಬಟ್ಟೆ ಚೀಲಕ್ಕೆ ಹಾಕಿ, ಮುಚ್ಚಳ ಗಟ್ಟಿ ಇರುವ ಬಿಸ್ಕೆಟ್ ಡಬ್ಬದಲ್ಲಿ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಒಳಗೆ ಹಾಕಿ. ಬಿಸಿಲು ಬಂದ ದಿನ ಅಂಗಳಕ್ಕೆ ತಂದು ನೇರ ಬಿಸಿಲಿಗೆ ಮಾತ್ರ ಇಡಬೇಡಿ, ಜಗಲಿಯ ಗಾಳಿ ಸಾಕು.

ಕುಂಬಳೆಕುದುರೆ
ಮೂರನೆಯದೂ ಪ್ಲಾಸ್ಟಿಕ್ಕೇ ಆಗಿದ್ದರೆ ಇನ್ನೂ ಇಬ್ಬರು ಮಕ್ಕಳು ಕೂರುತ್ತಿದ್ದರು. ಇರಲಿ, ದೊಡ್ಡವರಿಗೂ ಆಸೆ ಇರುತ್ತದೆ. ಸೆಟ್ ಬಂದ ಕೂಡಲೇ ಕಾಯಿ ಎಣಿಸಿ, ಪ್ರತಿ ಕಾಯಿಯನ್ನೂ ಗಾಜಿನ ಮೇಲೆ ನಿಲ್ಲಿಸಿ ನೋಡಿ. ಅಲುಗಾಡಿದರೆ ಅವತ್ತೇ ವಾಪಸ್ ಕಳಿಸಿ. ಎರಡು ವಾರ ಬಿಟ್ಟು ಹೇಳಿದರೆ ಯಾರೂ ಕೇಳುವುದಿಲ್ಲ.

ಚಂಡೆಮದ್ದಳೆ
ಯಕ್ಷಗಾನ ಸೆಟ್ಟಿನ ಬಗ್ಗೆ ಕಮಿಟಿಯಲ್ಲಿ ಒಬ್ಬರೂ ಮಾತಾಡಲಿಲ್ವಾ?

ವಾಚನಾಲಯದವ
ಮಾತಾಡಿದರು. ಕಾಯಿಗಳು ಮಾತಾಡುವುದಿಲ್ಲ ಅಂತಾದರೆ ಅದು ಯಕ್ಷಗಾನ ಅಲ್ಲ ಅಂತ ಒಬ್ಬರು ಎದ್ದು ಹೋದರು.

ನೀರ್ಚಾಲಿನಿಂದ
ಗಡಿಯಾರ ತಂದಿರಾ? ಡಿಜಿಟಲ್ ತಂದರೆ ಮಕ್ಕಳಿಗೆ ಪ್ರತಿ ನಡೆಗೂ ಸೆಕೆಂಡ್ ಸೇರುವ ಆಟ ಅಭ್ಯಾಸ ಆಗುತ್ತದೆ.

ಪೆರ್ಲದ ಮಾಷ್ಟ್ರು
ಗಡಿಯಾರಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲೇ ಶುರು ಮಾಡಿದರೆ ಮುಗಿಯುವುದಿಲ್ಲ.

ಕುಂಬಳೆಕುದುರೆ
ಡಿಜಿಟಲ್. ಚರ್ಚೆಯೇ ಬೇಡ.